ಅಲುಗದ ಕೈ

ಗಂಡ ಫೆಸ್ಟಸ್‌ನನ್ನು ಮಣ್ಣು ಮಾಡಿದ ಮೇಲೆ, ಐವತ್ತಾರನೇ ವಯಸ್ಸಿನಲ್ಲಿ, ನಾನು ಚರ್ಚ್ ಹಾಲಿನ ಕುಣಿತದ ಕ್ಲಾಸಿಗೆ ಸೇರಿದೆ. ನಮ್ಮ ಐರಿಷ್ ಕುಣಿತದಲ್ಲಿ ಕುಣಿಯುವುದು ಕಾಲು ಮಾತ್ರ; ಕೈ ಮೈಗೆ ಅಂಟಿಕೊಂಡಿರಬೇಕು. ಹೊಸಬರಿಗೆ ಅದೇ ಕಷ್ಟ. ಪಕ್ಕದ ಮನೆಯ ಕೋಲ್ಮನ್ ಕೋಳಿ ಓಡಿಸುವವನ ಹಾಗೆ ಕೈ ಬೀಸುತ್ತಿದ್ದ. ಕೈ ಕೆಳಗಿರಲಿ ಅಂತ ಟೀಚರ್ ಡೀಲಿಯಾ ಅವನ ಎರಡೂ ಮುಷ್ಟಿಗೆ ಕಲ್ಲು ಕೊಟ್ಟಿದ್ದಳು.

ನನಗೆ ಕೊಡಲಿಲ್ಲ. ಮುಗ್ಗರಿಸಿ ಬೀಳುವಂತಾದಾಗಲೂ ನನ್ನ ಕೈ ಅಲುಗಲಿಲ್ಲ.

"ಇವಳನ್ನ ನೋಡ್ರಪ್ಪಾ," ಅಂದಳು ಡೀಲಿಯಾ. "ಮೊದಲ್ನೇ ದಿನಾನೇ ಹೀಗೆ. ಯಾರು ಕಲಿಸಿದ್ದು ಊನಾ ನಿಂಗೆ?"

"ಫೆಸ್ಟಸ್."

"ಪಾಪ, ದೇವರಂಥ ಮನುಷ್ಯ. ಅವನಿಗೆ ಕುಣಿಯೋಕೆ ಬರ್ತಿತ್ತಾ?"

ಊರಿಗೆಲ್ಲ ದೇವರೇ. ಅವನ ಹೆಣದ ಸುತ್ತ ಕೂತು ಹೊಗಳಿದ್ದೇ ಹೊಗಳಿದ್ದು, ನಾನು ಬಾಯಿ ಮುಚ್ಚಿಕೊಂಡು ಚಹಾ ಹಂಚಿದ್ದೆ. ಇನ್ನು ಸಾಕು ಅನ್ನಿಸಿತು.

"ಬರ್ತಿರಲಿಲ್ಲ," ಅಂದೆ. "ಹೊಡೆಯುವಾಗ ನಾನು ಮುಖಕ್ಕೆ ಕೈ ಅಡ್ಡ ಹಿಡಿದ್ರೆ ಇನ್ನೂ ಜೋರಾಗಿ ಹೊಡೀತಿದ್ದ."

ಕುಣಿತಕ್ಕೆ ನುಡಿಸುತ್ತಿದ್ದ ಅಕಾರ್ಡಿಯನ್ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ಕೋಲ್ಮನ್ ಮಾತ್ರ ತಲೆ ಎತ್ತದೆ ಕೈಯಲ್ಲಿದ್ದ ಕಲ್ಲನ್ನೇ ನೋಡುತ್ತಿದ್ದ. ಅವನ ಮನೆಗೂ ನಮ್ಮ ಮನೆಗೂ ಗೋಡೆ ಒಂದೇ.