ಕೇಕಿನ ಅಂಚು

ಬೇಕರಿಯ ಕೆಲಸ ಮುಗಿಸಿ ಅವನು ಮನೆ ಸೇರುವ ಹೊತ್ತಿಗೆ ಬೀದಿಯಲ್ಲಿ ಹಾಲಿನ ಗಾಡಿಯವನನ್ನು ಬಿಟ್ಟರೆ ಇನ್ಯಾರೂ ಎದ್ದಿರುತ್ತಿರಲಿಲ್ಲ. ಒಲೆಯ ಬಾಯಿಗೆ ಎದುರಾಗಿ ರಾತ್ರಿ ಕಳೆದ ಮೈ. ಕಣ್ಣು ಉರಿಯುತ್ತಿತ್ತು, ಸೊಂಟ ತನ್ನದಲ್ಲವೆಂಬಂತೆ ಮರಗಟ್ಟಿರುತ್ತಿತ್ತು. ಸದ್ದಾಗದಂತೆ ಬೀಗ ತೆಗೆದು ಒಳಗೆ ಕಾಲಿಟ್ಟರೆ, ಬಾಲ ನೆಲಕ್ಕೆ ಬಡಿಯುವ ಸದ್ದು. ದೊರೆ ಎದ್ದಿರುತ್ತಿದ್ದ.

ದೊರೆ ಆ ಮನೆಯ ನಾಯಿ. ಮರಿಯಾಗಿದ್ದಾಗ ಕರೆದಲ್ಲಿಗೆ ಬರದೆ ಎಲ್ಲರನ್ನೂ ತಾನಿದ್ದಲ್ಲಿಗೇ ಕರೆಸಿಕೊಳ್ಳುತ್ತಿದ್ದುದರಿಂದ ಬಂದ ಹೆಸರು. ಈಗ ಹನ್ನೊಂದು ತುಂಬಿತ್ತು. ಬಾಗಿಲ ಮುಂದಿನ ಮೆಟ್ಟಿಲಿಳಿಯಲೂ ನಿಂತು ಯೋಚಿಸುತ್ತಿದ್ದ. ಮೈ ಮಾತ್ರ ಪೀಪಾಯಿಯಂತೆ ತುಂಬಿಕೊಂಡಿತ್ತು.

ಬೇಕರಿಯಲ್ಲಿ ಒಂದು ಪದ್ಧತಿಯಿತ್ತು. ಕೇಕನ್ನು ಚೌಕಕ್ಕೆ ಕತ್ತರಿಸುವಾಗ ಉಳಿಯುವ ಅಂಚು ಒಲೆ ಕೆಲಸದವರ ಪಾಲು. ವರ್ಷಗಟ್ಟಲೆ ಅದರ ವಾಸನೆ ಕುಡಿದಿದ್ದ ಅವನಿಗೆ ಸಿಹಿ ಕಂಡರಾಗದು. ತನ್ನ ಪಾಲನ್ನು ಕಾಗದದಲ್ಲಿ ಸುತ್ತಿ ತಂದು, ನೆಲದ ಮೇಲೆ ಕೂತು, ದೊರೆಗೆ ಚೂರುಚೂರಾಗಿ ತಿನ್ನಿಸುತ್ತ ಅಂದಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಮೇಸ್ತ್ರಿ ಯಾರ ಮೇಲೆ ಹರಿಹಾಯ್ದ, ಯಾವ ತಟ್ಟೆ ಸೀದುಹೋಯಿತು, ಸೀದದ್ದನ್ನು ಯಾರು ಯಾರ ತಲೆಗೆ ಕಟ್ಟಿದರು. ಹೆಂಡತಿ ಬಸ್ ಕಂಡಕ್ಟರ್. ಅವನು ಮಲಗುವ ಹೊತ್ತಿಗೆ ಅವಳು ಎದ್ದು ಹೊರಡುತ್ತಿದ್ದಳು. ಅಮ್ಮ ಒಳಕೋಣೆಯಲ್ಲಿ ಮಲಗಿರುತ್ತಿದ್ದಳು. ಇಡೀ ದಿನದಲ್ಲಿ ಅವನು ಬಾಯಿಬಿಟ್ಟು ಆಡುತ್ತಿದ್ದ ಮಾತು ಅಷ್ಟೇ.

ಒಂದು ಸಂಜೆ ದೊರೆ ಎದ್ದೇಳಲಾರದೆ ಹೋದ. ಎತ್ತಲು ಹೋದ ಹೆಂಡತಿಯ ಕೈಗೆ ಹಲ್ಲು ತಾಗಿಸಿದ. ಯಾರನ್ನೂ ಕಚ್ಚಿದವನಲ್ಲ. ಗಂಡ ಹೆಂಡತಿ ಇಬ್ಬರೂ ಆಟೋದಲ್ಲಿ ಅವನನ್ನು ಪಶುವೈದ್ಯೆಯ ಬಳಿಗೆ ಒಯ್ದರು. ಆಕೆ ಸೊಂಟವನ್ನು ಮೆಲ್ಲಗೆ ಒತ್ತಿದಳು. ದೊರೆ ಮುಖ ತಿರುಗಿಸಿಕೊಂಡ.

"ವಯಸ್ಸಾಯ್ತಲ್ಲ ಡಾಕ್ಟ್ರೇ, ಅದಕ್ಕೇ ಮಂಕಾಗಿದ್ದಾನೆ ಅಂದ್ಕೊಂಡಿದ್ವಿ" ಎಂದಳು ಹೆಂಡತಿ.

"ವಯಸ್ಸಿಗೆ ನನ್ನ ಹತ್ರ ಔಷಧಿ ಇಲ್ಲಮ್ಮ, ನೋವಿಗೆ ಇದೆ. ಇವನು ಮಂಕಾಗಿಲ್ಲ, ಇವನಿಗೆ ನೋಯ್ತಿದೆ. ಇಷ್ಟು ತೂಕ ಹೊತ್ಕೊಂಡು ಈ ಕೀಲುಗಳು ತಡೆಯಲ್ಲ. ಇಳಿಸ್ದೇ ಇದ್ರೆ ಹಿಂಗಾಲು ಪೂರ್ತಿ ಬಿದ್ದುಹೋಗುತ್ತೆ."

ಮಾತ್ರೆ ಬರೆದುಕೊಟ್ಟು, ಉದ್ದ ಬೆಳೆದಿದ್ದ ಉಗುರು ಕತ್ತರಿಸಿದಳು. ಊಟ ಅಳತೆಯಲ್ಲಿರಲಿ, ಸಿಹಿ ಬೇಡವೇ ಬೇಡ, ಸಮನಾದ ದಾರಿಯಲ್ಲಿ ಸ್ವಲ್ಪ ಸ್ವಲ್ಪವೇ ನಡೆಸಿ, ಜಾರುವ ನೆಲಕ್ಕೆ ಚಾಪೆ ಹಾಸಿ, ಸೊಂಟಕ್ಕೆ ಬೆಚ್ಚನೆಯ ಬಟ್ಟೆ ಇಡಿ ಎಂದಳು.

ಹೆಂಡತಿ ಅದನ್ನೆಲ್ಲ ಕೈಗೆತ್ತಿಕೊಂಡಳು. ಇನ್ನು ಈ ಮನೆಯಲ್ಲಿ ಟಿಕೆಟ್ ಇಲ್ಲದೆ ಒಂದು ತುತ್ತೂ ನಾಯಿಯ ಬಾಯಿಗೆ ಹತ್ತುವಂತಿಲ್ಲ ಎಂದು ಸಾರಿದಳು. ಇಡೀ ದಿನ ಬಸ್ಸಿನಲ್ಲಿ ನಿಂತು ಬಾತುಕೊಂಡ ಕಾಲಲ್ಲೇ ಸಂಜೆ ದೊರೆಯನ್ನು ಬೀದಿಯ ಕೊನೆಯವರೆಗೆ ನಡೆಸುತ್ತಿದ್ದಳು. ಅವನು ಕೇಕಿನ ಅಂಚನ್ನು ಅರ್ಧಕ್ಕಿಳಿಸಿದ. ಅರ್ಧದಿಂದ ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಕೆಲವು ದಿನಗಳಲ್ಲಿ ಅರ್ಧ ಮತ್ತೆ ಪೂರ್ತಿಯಾಯಿತು.

ಮುಂದಿನ ತಿಂಗಳು ತೂಗಿದಾಗ ದೊರೆಯ ತೂಕ ಇಳಿದಿರಲಿಲ್ಲ, ಏರಿತ್ತು.

ಮನೆಗೆ ಬಂದ ಹೆಂಡತಿ ಬಟಾಣಿ ಸುಲಿಯುತ್ತಿದ್ದ ಅತ್ತೆಯ ಮುಂದೆ ಕೂತಳು. ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು. "ಅತ್ತೆ, ಹಗಲೆಲ್ಲ ದೊರೆ ಜೊತೆ ಇರೋದು ನೀವೇ. ಪ್ರೀತಿಯಿಂದಾನೇ ತಿನ್ನೋಕೆ ಕೊಡ್ತೀರಿ, ನಂಗೊತ್ತು. ಆದ್ರೆ ಹೀಗೇ ಆದ್ರೆ ಅವನು ಕಾಲು ಕಳ್ಕೋತಾನೆ."

ಅಮ್ಮ ತಲೆಯೆತ್ತಲಿಲ್ಲ. "ಆಯ್ತು ಬಿಡಮ್ಮ. ಇನ್ಮೇಲೆ ಕೊಡಲ್ಲ."

ಅವನು ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತಿದ್ದ. ಮಂಡಿನೋವಿನ ಅಮ್ಮ ನಾಯಿಗೆ ಬಗ್ಗಿ ತಿನ್ನಿಸಿದ್ದನ್ನು ಅವನು ಕಂಡಿರಲೇ ಇಲ್ಲ. ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಲ್ಲಿ ನಿಲ್ಲಿಸಿದ.

"ಅಮ್ಮ ಕೊಟ್ಟಿಲ್ಲ. ಕೊಟ್ಟಿದ್ದು ನಾನು."

"ಡಾಕ್ಟ್ರು ಅಷ್ಟು ಹೇಳಿದ್ಮೇಲೂ? ಯಾಕ್ರೀ?"

ಅವನು ಕೈ ಒರೆಸಿಕೊಂಡ. "ನಾನು ಬರೋ ಹೊತ್ತಿಗೆ ಎದ್ದಿರೋದು ಅವನೊಬ್ಬನೇ. ಬರಿಗೈಲಿ ಬಂದ್ರೆ ಅವನೂ ಏಳ್ದೇ ಹೋದ್ರೆ ಅಂತ."

"ನಾಳೆ ಬರಿಗೈಲೇ ಬನ್ನಿ" ಎಂದಳು ಹೆಂಡತಿ.

ಮರುದಿನ ತನ್ನ ಪಾಲನ್ನು ಜೊತೆಯ ಕೆಲಸದವನಿಗೆ ಕೊಟ್ಟು ಬಂದ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬಿಸಿನೀರಿನ ಫ್ಲಾಸ್ಕು, ಬೇಸಿನ್ನು, ಮಡಿಸಿಟ್ಟ ಟವೆಲು ಕಾಯುತ್ತಿದ್ದವು. ಬೆಳಗಿನ ಡ್ಯೂಟಿಯಿದ್ದವಳು ಮಲಗುವ ಮುನ್ನ ಎಲ್ಲ ಹೊಂದಿಸಿಟ್ಟಿದ್ದಳು. ದೊರೆಯ ಬಾಲ ನೆಲಕ್ಕೆ ಬಡಿಯಿತು. ಅವನು ಕೂತ ಕೂಡಲೆ ದೊರೆ ಒಂದು ಅಂಗೈ ಮೂಸಿದ, ಇನ್ನೊಂದನ್ನು ಮೂಸಿದ, ಜೇಬಿಗೆ ಮೂತಿ ಹಾಕಿದ. ಆಮೇಲೆ ದೊಡ್ಡ ಉಸಿರುಬಿಟ್ಟು ಅತ್ತ ತಿರುಗಿ ಮಲಗಿದ.

ಅವನು ಫ್ಲಾಸ್ಕು, ಬೇಸಿನ್ನು ನೆಲಕ್ಕಿಳಿಸಿಕೊಂಡು ನೀರು ಸುರಿದ. ಟವೆಲು ಅದ್ದಿ, ಹಿಂಡಿ ದೊರೆಯ ಸೊಂಟದ ಮೇಲಿಟ್ಟ. ದೊರೆ ಮೊದಲು ಬೆಚ್ಚಿದ. ನಂತರ, ಬಲು ನಿಧಾನವಾಗಿ, ಹಿಂಗಾಲನ್ನು ಉದ್ದಕ್ಕೆ ಚಾಚಿದ. ಆ ಕಾಲು ಹಾಗೆ ಚಾಚಿದ್ದನ್ನು ಅವನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ. ತಿನ್ನಿಸಲು ಕೈಯಲ್ಲಿ ಏನೂ ಇಲ್ಲದೆ ಅವನಿಗೆ ಮಾತೂ ಹೊರಡಲಿಲ್ಲ.

ಒಳಕೋಣೆಯ ಬಾಗಿಲು ಸರಿಯಿತು. ಗೋಡೆ ಹಿಡಿದುಕೊಂಡು ಅಮ್ಮ ಬಂದಳು.

"ಯಾಕೋ, ಇವತ್ತು ಮಾತೇ ಇಲ್ಲ?"

ಅವನು ತಲೆಯೆತ್ತಿ ನೋಡಿದ.

"ಮೇಸ್ತ್ರಿ ಕೋಪ ಮಾಡ್ಕೊಂಡು ಎದ್ದು ಹೋದ್ನಲ್ಲ, ತಿರುಗಿ ಬಂದ್ನಾ? ನಿನ್ನೆ ಅರ್ಧಕ್ಕೇ ನಿಲ್ಲಿಸ್ಬಿಟ್ಟೆ" ಎಂದಳು ಅಮ್ಮ. "ಅಷ್ಟು ಹೊತ್ತಿಗೆ ನಂಗೆಲ್ಲಿ ನಿದ್ದೆ ಬರುತ್ತೆ. ಕೇಳ್ತಾ ಮಲಗಿರ್ತೀನಿ."

ಅವನು ಸ್ಟೂಲನ್ನು ಎಳೆದು ದೊರೆಯ ಪಕ್ಕಕ್ಕಿಟ್ಟ. ಅಮ್ಮ ಮಂಡಿ ಹಿಡಿದುಕೊಂಡು ಕೂತಳು. ಫ್ಲಾಸ್ಕಿನಲ್ಲಿ ಇನ್ನೂ ನೀರಿತ್ತು. ಮೂಲೆಯಲ್ಲಿದ್ದ ಇನ್ನೊಂದು ಟವೆಲನ್ನು ಅದ್ದಿ, ಹಿಂಡಿ, ಅವಳ ಮಂಡಿಗೆ ಸುತ್ತಿದ.

"ಬಂದ ಅಮ್ಮ" ಎಂದ. "ಬಂದವನು ಸುಮ್ನಿದ್ನಾ, ಕೇಳು..."