ಕಿಟಕಿ ಕಡೆಯ ಹಾಸಿಗೆ

ಟಕ್. ಸ್ವಲ್ಪ ಬಿಟ್ಟು ಮತ್ತೆ, ಟಕ್.

ಅಪ್ಪನ ಅಂಗಿಯ ಕೊನೆಯ ಗುಂಡಿ ಹಾಕುತ್ತಿದ್ದ ಮಗಳ ಕೈ ಅಲ್ಲೇ ನಿಂತಿತು. ಒಂದೇ ಬೆರಳಿನ ಗೆಣ್ಣಿನಿಂದ, ಒಳಗಿರುವವರಲ್ಲಿ ಒಬ್ಬರಿಗೆ ಮಾತ್ರ ಕೇಳಿದರೆ ಸಾಕು ಎಂಬಂತೆ ಬಾಗಿಲು ಬಡಿಯುವುದು ಅಪ್ಪನ ರೀತಿ. ಅಪ್ಪನೋ ಇಲ್ಲಿ, ಅವಳ ಕೈಕೆಳಗೆ, ಮಂಚದ ಮೇಲೆ ತಣ್ಣಗಾಗಿದ್ದ.

ಗೋಡೆಗೆ ಒರಗಿ ತೂಕಡಿಸುತ್ತಿದ್ದ ಅಮ್ಮ ಕಣ್ಣು ಬಿಟ್ಟಳು. "ಯಾರದು, ಹೊತ್ತಲ್ಲದ ಹೊತ್ತಲ್ಲಿ?"

ಬಾಗಿಲು ತೆರೆದರೆ ಎತ್ತರದ ಮನುಷ್ಯನೊಬ್ಬ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ಹೆಗಲಲ್ಲಿ ಸ್ಪಾನರುಗಳ ಚೀಲ.

"ವಾರ್ಡನ್ ಸರ್ ಮಗಳಲ್ವಾ? ನಾನು ಇಲ್ಲಿ ಫುಟ್‌ಬಾಲ್ ಆಡಿ ಹೋದವನು. ಎಡಗಾಲಲ್ಲಿ ಒದೀತಿದ್ದೆ ಅಂತ ಎಡಚ ಅಂತಿದ್ರು. ಈಗ ಲಿಫ್ಟ್ ರಿಪೇರಿ ಮಾಡ್ತೀನಿ. ಸುದ್ದಿ ಗೊತ್ತಾದಾಗ ಲಿಫ್ಟಿನ ಕೆಳಗಿನ ಗುಂಡಿಯೊಳಗೇ ಇದ್ದೆ, ಹಾಗೇ ಹೊರಟುಬಂದೆ. ಜೋರಾಗಿ ಬಡಿದ್ರೆ ಎಲ್ರೂ ಏಳ್ತಾರೆ ಅಂತ ಸರ್ ಬಡಿಯೋ ಹಾಗೆ ಬಡಿದೆ. ಹೆದರಿದ್ರಾ ತಂಗಿ?"

"ಇಲ್ಲ ಅಣ್ಣ, ಬನ್ನಿ" ಎಂದಳು. ಬಾಗಿಲನ್ನು ಪೂರ್ತಿ ತೆಗೆದು ಪಕ್ಕಕ್ಕೆ ಸರಿದಳು.

ಅವನು ಮಂಚದ ಕಾಲ ಬುಡದಲ್ಲಿ ನಿಂತ. ನೋಡನೋಡುತ್ತಿದ್ದಂತೆ ದೊಡ್ಡ ಮೈ ಕುಸಿದು, ಅಪ್ಪನ ಪಾದ ಹಿಡಿದು, ಗಂಟಲು ಬಿಚ್ಚಿ ಅತ್ತ. ಉಸಿರು ನಿಂತಾಗಿನಿಂದ ಆ ಮನೆಯಲ್ಲಿ ಯಾರೂ ಹಾಗೆ ಅತ್ತಿರಲಿಲ್ಲ. ಅಮ್ಮ ಬಂದವರನ್ನು ಕೂರಿಸುವುದರಲ್ಲಿದ್ದಳು. ಮಗಳು ವಾಹನ, ಹೂವು, ಗುಂಡಿ ತೋಡುವವರು ಎಂದು ಓಡಾಡಿದ್ದಳು. ನಿಂತಾಗಲಾದರೂ ಕಣ್ಣೀರು ಬಂದೀತು ಅಂದುಕೊಂಡಿದ್ದಳು, ಬರಲಿಲ್ಲ.

ಅಮ್ಮ ಅವನಿಗೆ ನೀರು ಕೊಟ್ಟು ಮುಖವನ್ನೇ ದಿಟ್ಟಿಸಿದಳು. "ಪ್ರತಿ ವರ್ಷ ರಜೆ ಬಿಟ್ಟ ಕೂಡಲೇ ಇವರು ಬಸ್ಸು ಹತ್ತಿ ಹೋಗ್ತಿದ್ರು. ನಿನ್ನ ಮನೆಗೇನಪ್ಪಾ?"

"ಹೌದಮ್ಮಾ. ಎರಡು ದಿನ ಇದ್ದು ಬರ್ತಿದ್ರು. ನನ್ನ ಮದುವೆಗೂ ಬಂದಿದ್ರು."

"ಅಯ್ಯೋ ನನ್ನ ಹಣೆಬರಹವೇ! ಎಲ್ಲೋ ಇನ್ನೊಂದು ಸಂಸಾರ ಇಟ್ಟಿದಾರೆ ಅಂತ ಇಷ್ಟು ವರ್ಷ ಹೊಟ್ಟೆ ಉರ್ಕೊಂಡೆ. ಕೇಳಿದ್ರೆ ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡವರ ಹಾಗೆ ಕೂತಿರೋರು. ಹೆಂಗಸಲ್ಲ, ಲಿಫ್ಟ್ ಮೆಕ್ಯಾನಿಕ್ಕು!" ಹೆಣದ ಮುಂದೆ ನಗು ಬಂದದ್ದಕ್ಕೆ ನಾಚಿ ಸೆರಗು ಬಾಯಿಗೆ ಒತ್ತಿಕೊಂಡಳು.

ಅವನೂ ಮೂಗೊರೆಸಿಕೊಂಡು ನಕ್ಕ. "ಸರ್ ಒಬ್ಬರೇ ನನಗೆ ನಿಜ ಹೇಳಿದ್ದು ಅಮ್ಮಾ. ಆಹಾ ಎಂಥಾ ಆಟ, ಎಂಥಾ ಕಾಲು ಅಂತ ಊರೆಲ್ಲ ಹೊಗಳಿ ಅಟ್ಟಕ್ಕೇರಿಸಿತ್ತು. ಇವರು ಮುಂಜಾನೆ ಕಾಲು ಮುಟ್ಟಿ ಎಬ್ಬಿಸಿ ನೇರ ಹೇಳಿದ್ರು, 'ಓಟ ಸಾಲದು ಮಗಾ.' ನಾನು ಓಡ್ತೀನಿ ಅಂತಲೇ ಅಂದ್ಕೊಂಡಿದ್ದೆ. ನಮ್ಮ ಓಟ ನಮಗೆ ಕಾಣಲ್ಲ ನೋಡಿ. ಆಮೇಲೆ ಚೆಂಡು ಮುಟ್ಟಲಿಲ್ಲ. ಈಗ ಮಗ ಹಟ ಹಿಡಿದಿದ್ದಾನೆ. ಬೇಡವೋ, ನಮ್ಮ ಕಾಲಿಗೆ ಓಟ ಬರೆದಿಲ್ಲ, ಕೇರಂ ಆಡು, ಕೂತಲ್ಲೇ ಆಗುತ್ತೆ ಅಂದೆ."

*

ಅಕಾಡೆಮಿಯಲ್ಲಿ ಹುಡುಗನನ್ನು ಮನೆಗೆ ಕಳಿಸುವುದಕ್ಕೆ 'ಹಾಸಿಗೆ ಸುತ್ತೋದು' ಎನ್ನುತ್ತಿದ್ದರು. ದೇಶದ ಮೂಲೆಮೂಲೆಯಿಂದ ಹುಡುಗರನ್ನು ಆರಿಸಿ ತಂದು, ಕೋಣೆಗೆ ಇಬ್ಬರಂತೆ ಇರಿಸಿ, ಶಾಲೆಗೂ ಕಳಿಸಿ, ಫುಟ್‌ಬಾಲ್ ಕಲಿಸುವ ಜಾಗ ಅದು. ಬೆಳಿಗ್ಗೆ ಎದ್ದರೆ ತೂಕ, ತಿಂಗಳಿಗೊಮ್ಮೆ ಎತ್ತರ, ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ಇನ್ನೆಷ್ಟು ಬೆಳೆದೀತು ಎಂಬ ಅಂದಾಜು. ಆಟದ ಋತು ಮುಗಿದಾಗ ಯಾರು ಉಳಿಯಬೇಕು, ಯಾರು ಮನೆಗೆ ಹೋಗಬೇಕು ಎಂದು ಕೋಚ್ ತೀರ್ಮಾನಿಸುತ್ತಿದ್ದರು. ಅದನ್ನು ಹುಡುಗನ ಬಾಯಿಗೆ ಕಹಿ ಗುಳಿಗೆಯಂತೆ ಇಡುವುದು ವಾರ್ಡನ್ ಕೆಲಸ.

ಬೆಳಕು ಹರಿಯುವ ಮೊದಲೇ ಅದು ಮುಗಿಯಬೇಕು. ದೀಪ ಹಾಕುವಂತಿಲ್ಲ, ಜೊತೆಯ ಹುಡುಗ ಎದ್ದು ಅತ್ತರೆ ಅವನ ಅಂದಿನ ಆಟ ಕೆಡುತ್ತದೆ. ಬಾಗಿಲಿಗೆ ಒಂದು ಗೆಣ್ಣು, ಆಮೇಲೆ ಒಳಗೆ ಹೋಗಿ ಕಾಲು ಮುಟ್ಟುವುದು. ಉಳಿದವರು ಎದ್ದಾಗ ಒಂದು ಹಾಸಿಗೆ ಸುತ್ತಿ ಮಂಚದ ತಲೆಗೆ ಒರಗಿಸಿರುತ್ತಿತ್ತು. ಆ ದಿನಗಳಲ್ಲಿ ಇಡೀ ಕಟ್ಟಡ ಕಿವಿಯಾಗಿ ಮಲಗಿರುತ್ತಿತ್ತು. ಹಗಲು ಬೊಕ್ಕೆಗೆ ಮುಲಾಮು ಹಚ್ಚುವ, ಜ್ವರ ಬಂದರೆ ಹಣೆ ತಡವುವ ವಾರ್ಡನ್ನನ್ನು ಹುಡುಗರು ಬೆನ್ನ ಹಿಂದೆ 'ಟಕ್‌ಟಕ್' ಎಂದೇ ಕರೆದರು. ಅಪ್ಪನಿಗೂ ಗೊತ್ತಿತ್ತು. "ನಾನೇನು ಯಮನಲ್ಲ ಬಿಡೇ. ಯಮನ ಡ್ರೈವರ್" ಎಂದು ಅಮ್ಮನ ಹತ್ತಿರ ಹೇಳುತ್ತಿದ್ದ.

ಒಂದು ಮುಂಜಾನೆ ಮಗಳು ಪರೀಕ್ಷೆಗೆ ಓದುತ್ತ ಕೂತಿದ್ದಳು. ನೇರ ಬಸ್ ನಿಲ್ದಾಣಕ್ಕೆ ಹೋಗಬೇಕಾದ ವ್ಯಾನು ಮನೆಯ ಮುಂದೆ ನಿಂತಿತು. ಅಪ್ಪ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಫೋನೆತ್ತಿದ.

"ಅವನಲ್ಲ ಸರ್, ಇವನು... ಹೌದು, ಹೇಳಿಬಿಟ್ಟಿದೀನಿ... ತಪ್ಪು ನನ್ನದೇ ಸರ್. ಈಗಲೂ ವಾಪಸ್ ಕರ್ಕೊಂಡು..."

ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡ. ಕೊನೆಗೆ "ಆಗಲಿ ಸರ್" ಎಂದ.

ಅವಳು ಕಿಟಕಿಯಿಂದ ನೋಡಿದಳು. ವ್ಯಾನಿನ ಮುಂದಿನ ಸೀಟಿನಲ್ಲಿ ಹುಡುಗನೊಬ್ಬ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಫೋಟೋ ತೆಗೆಸಿಕೊಳ್ಳುವವನಂತೆ ನೆಟ್ಟಗೆ ಕೂತಿದ್ದ. ಅಪ್ಪ ನೀರು ಕುಡಿಯಲು ಹೋಗಿ ಲೋಟ ಕೆಳಗಿಟ್ಟ, ಕುಡಿಯಲಿಲ್ಲ. ವ್ಯಾನು ಹೊರಟುಹೋಯಿತು.

ಏನಾಯಿತು ಎಂದು ಅವಳು ಕೇಳಲಿಲ್ಲ. ಕೇಳದಿದ್ದರೆ ಮನೆ ಸುಮ್ಮನಿರುತ್ತದೆ ಎಂಬುದನ್ನು ಆ ವಯಸ್ಸಿಗೇ ಕಲಿತಿದ್ದಳು. ಮುಂದಿನ ರಜೆಯಿಂದ ಅಪ್ಪನ ಆ ಪ್ರಯಾಣ ಶುರುವಾಯಿತು.

*

ಬೆಳಿಗ್ಗೆ ಹೆಣವನ್ನು ಮೈದಾನದ ಅಂಚಿಗೆ ತಂದಿಟ್ಟರು. ಹುಡುಗರು ಓಡುತ್ತಿದ್ದವರು ಹಾಗೇ ಬಂದು ಸಾಲಾಗಿ ನಿಂತರು. ಕೃತಕ ಹುಲ್ಲಿನ ಕಪ್ಪು ರಬ್ಬರ್ ಕಾಳು ಕಾಲುಚೀಲಕ್ಕೆಲ್ಲ ಮೆತ್ತಿಕೊಂಡಿತ್ತು. ನಿರ್ದೇಶಕರು ಮಾತಾಡಿದರು: ಅಕಾಡೆಮಿಯ ಬೆನ್ನೆಲುಬು, ಮಕ್ಕಳ ಎರಡನೇ ತಂದೆ, ತುಂಬಲಾರದ ನಷ್ಟ. ಕಸ ಗುಡಿಸುವವಳು ಸತ್ತಾಗಲೂ ಬೆನ್ನೆಲುಬೇ ಆಗಿದ್ದಳು ಎಂದು ಮಗಳಿಗೆ ನೆನಪಾಯಿತು. ಈ ಅಕಾಡೆಮಿಗೆ ಎಷ್ಟು ಬೆನ್ನೋ.

ಅವಳ ಹಿಂದೆಯೇ ಇಬ್ಬರು ಹುಡುಗರು ಪಿಸುಗುಟ್ಟುತ್ತಿದ್ದರು.

"ಇನ್ಮೇಲೆ ಟಕ್ ಟಕ್ ಅನ್ನೋರು ಯಾರೋ?"

"ಟಕ್ಕೂ ಇಲ್ಲ, ಪಕ್ಕೂ ಇಲ್ಲ. ಮೊಬೈಲಿಗೇ ಮೆಸೇಜ್ ಬರುತ್ತಂತೆ."

"ಹಾಗಾದ್ರೆ ನಾನು ಮೊಬೈಲೇ ಆನ್ ಮಾಡಲ್ಲ ಬಿಡು. ಗೊತ್ತಾಗೋ ಹೊತ್ತಿಗೆ ಇನ್ನೊಂದು ಮ್ಯಾಚು ಆಡಿರ್ತೀನಿ."

ನಗು ಕೆಮ್ಮಾಗಿ ಹೊರಬಂತು. ದೈಹಿಕ ತರಬೇತಿಯವನು ನಿರ್ದೇಶಕರ ಕಿವಿಗೆ ಬಗ್ಗಿದ. "ಸ್ವಲ್ಪ ಬೇಗ ಮುಗಿಸಿದ್ರೆ ಒಳ್ಳೇದು ಸರ್. ಮೈ ಬಿಸಿ ಆರಿಹೋದ್ರೆ ಮತ್ತೆ ಮೊದಲಿಂದ ಓಡಿಸಬೇಕು." ಹುಡುಗರು ಒಬ್ಬೊಬ್ಬರಾಗಿ ಹೂವಿಟ್ಟರು, ಸೀಟಿ ಕೂಗಿತು, ಮೈದಾನಕ್ಕೆ ಓಡಿಹೋದರು. ಗೆದ್ದು ದೊಡ್ಡವರಾದವರು ಹೂವಿನ ಚಕ್ರ ಕಳಿಸಿದ್ದರು. ಅಪ್ಪ ಬಸ್ಸು ಹತ್ತಿಸಿದವರು ಊರೂರಲ್ಲಿ ಇದ್ದಾರು, ಬಂದವನು ಒಬ್ಬನೇ. ದೀಪದ ಕಂಬಕ್ಕೆ ಆತುಕೊಂಡು, ಕರವಸ್ತ್ರವೂ ಸಾಲದೆ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಎರಡನೇ ತಂದೆ ಎಂದು ಭಾಷಣ ಮಾಡಿದವರು ಅವನತ್ತ ನೋಡಿ, ಇದ್ಯಾರಪ್ಪಾ ಇಷ್ಟು ಅಳುವವನು ಎಂದು ಹುಬ್ಬೇರಿಸಿದರು.

ವಾಹನ ಬರುವುದು ತಡವಾಯಿತು. ಎಂದೋ ನಿವೃತ್ತರಾದ ಹಳೆಯ ಕೋಚ್ ಕೋಲೂರಿಕೊಂಡು ಬಂದು ಮಗಳ ಪಕ್ಕದ ಕುರ್ಚಿಯಲ್ಲಿ ಕುಸಿದರು.

"ಆ ಕಂಬದ ಹತ್ತಿರ ಅಳ್ತಾ ಇರೋನು ಎಡಚ ಅಲ್ವೇನಮ್ಮಾ?"

"ಹೌದು ಸರ್. ನಿಮಗೆ ನೆನಪಿದೆಯಾ?"

"ಮರೆಯೋಕೆ ನಿಮ್ಮಪ್ಪ ಬಿಟ್ಟಿದ್ರೆ ತಾನೆ! ವರ್ಷ ವರ್ಷ ಮನೆಗೆ ಬಂದು ಅದೇ ರಾಗ. 'ತಪ್ಪು ಹುಡುಗನ್ನ ಕಳಿಸಿಬಿಟ್ವಿ ಸರ್.' ನಿಮಗೂ ಕೇಳಿ ಕೇಳಿ ಸಾಕಾಗಿರಬೇಕು."

ಅವಳು ಮಾತನ್ನು ತೂಗಿ ಇಟ್ಟಳು. "ಪೂರ್ತಿ ಹೇಳಿರಲಿಲ್ಲ."

"ಪೂರ್ತಿ ಏನಿದೆ ಅದರಲ್ಲಿ? ಕಿಟಕಿ ಕಡೆ ಹಾಸಿಗೆ ಅಂತ ನಾನು ಹೇಳಿದ್ದೆ. ಅಲ್ಲಿ ಮಲಗ್ತಿದ್ದೋನು ಇವನ ಕೋಣೆಯ ಇನ್ನೊಬ್ಬ. ಕರಡಿ ಅಂತಿದ್ವಿ. ಅವತ್ತು ಆ ಕರಡಿಗೆ ಜ್ವರ. ಕಿಟಕಿ ಗಾಳಿ ಬಡಿಯುತ್ತೆ ಅಂತ ಈ ಎಡಚ ಮಹಾನುಭಾವ ತನ್ನ ಹಾಸಿಗೆ ಅವನಿಗೆ ಬಿಟ್ಟುಕೊಟ್ಟು ತಾನು ಅಲ್ಲಿ ಮಲಗಿದ್ದಾನೆ. ಕತ್ತಲೆ. ನಿಮ್ಮಪ್ಪ ಕಾಲು ಮುಟ್ಟಿ ಎಬ್ಬಿಸಿ, ಓಟ ಸಾಲದು ಮಗಾ, ಹೊರಡು ಅಂದಿದ್ದಾನೆ. ಮುಖ ನೋಡಿದ್ದು ಗೇಟಿನ ದೀಪದಲ್ಲಿ."

"ಆಗ ವಾಪಸ್ ಕರ್ಕೊಂಡು ಬರಬಹುದಿತ್ತಲ್ಲ ಸರ್?"

"ಬಂದು? ಹೇಳಿ ಆಗಿತ್ತು, ಹುಡುಗ ಅತ್ತು ಆಗಿತ್ತು. ಅಂಥವನು ಮತ್ತೆ ನೆಟ್ಟಗೆ ಆಡಲ್ಲ ಕಣಮ್ಮಾ. ಜೊತೆಗೆ ವಾರ್ಡನ್ನು ಕತ್ತಲಲ್ಲಿ ಯಾರನ್ನೋ ಎಬ್ಬಿಸ್ತಾನೆ ಅಂತ ಸುದ್ದಿಯಾದ್ರೆ ಅಕಾಡೆಮಿ ಮಾನ ಹರಾಜು. ನನಗೆ ಒಂದು ಹಾಸಿಗೆ ಖಾಲಿ ಆಗಬೇಕಿತ್ತು. ಆಯ್ತು."

"ಅಣ್ಣನಿಗೆ... ಅವರಿಗೆ ಓಟ ಕಮ್ಮಿ ಇತ್ತಾ?"

ಕೋಚ್ ಅವಳತ್ತ ತಿರುಗಿದರು. "ಎಡಚನಿಗಾ? ಅವನನ್ನ ಹಿಡಿಯೋರೇ ಇರಲಿಲ್ಲ. ನಿಧಾನ ಇದ್ದೋನು ಕರಡಿ. ಅದಕ್ಕೇ ತಾನೆ ಅವನನ್ನ ಕಳಿಸಬೇಕು ಅಂದಿದ್ದು."

"ಕರಡಿ ಏನಾದ್ರು?"

"ಮುಂದಿನ ವರ್ಷ ಮಂಡಿ ಹೋಯ್ತು. ಅವನ ಹಾಸಿಗೆನೂ ಸುತ್ತಿದ್ವಿ." ಕೋಲಿನ ತುದಿಯಿಂದ ರಬ್ಬರ್ ಕಾಳುಗಳನ್ನು ಗುಡ್ಡೆ ಮಾಡುತ್ತ ನಕ್ಕರು. "ಅಂದ್ಮೇಲೆ ಯಾರಿಗೂ ನಷ್ಟ ಆಗಲಿಲ್ಲ ನೋಡು."

ಅವಳು ಕಂಬದ ಕಡೆ ನೋಡಿದಳು. ಅಪ್ಪ ಕತ್ತಲಲ್ಲಿ ಒಂದು ಕೊರತೆಯನ್ನು ಹೊತ್ತುಕೊಂಡು ಹೋಗಿ ಸಿಕ್ಕ ಹುಡುಗನ ಕೈಗಿಟ್ಟಿದ್ದ. ಹುಡುಗ ಅದನ್ನು ತನ್ನದೆಂದೇ ನಂಬಿ, ಜೋಪಾನ ಮಾಡಿ, ಈಗ ಮಗನಿಗೂ ಪಾಲು ಕೊಡುತ್ತಿದ್ದಾನೆ. ಅಪ್ಪ ವರ್ಷ ವರ್ಷ ಹೋಗಿದ್ದು ಹೇಳುವುದಕ್ಕೇ ಇರಬೇಕು. ಅವನ ಮನೆಯಲ್ಲಿ ಉಂಡು, ಮಲಗಿ, ಹೇಳದೆ ಎದ್ದು ಬಂದಿದ್ದಾನೆ. ಅಪ್ಪನ ಮೇಲೆ ಅವಳಿಗೆ ಮೊದಲ ಬಾರಿಗೆ ಸಿಟ್ಟು ಬಂತು. ಬೈಯೋಣವೆಂದರೆ ಅಷ್ಟರಲ್ಲಿ ವಾಹನ ಬಂದಿತ್ತು.

*

ಹೂಳುವ ಜಾಗದಲ್ಲಿ ಹೆಣ ಇಳಿಸಲು ಕೈ ಸಾಲಲಿಲ್ಲ. ನಿರ್ದೇಶಕರಿಗೆ ಬೆನ್ನು ನೋವು, ಅಡುಗೆಯವನಿಗೆ ಹರ್ನಿಯಾ. ಮೆಕ್ಯಾನಿಕ್ಕೇ ಗುಂಡಿಗೆ ಇಳಿದು, ಮಲಗಿದ ಮಗುವನ್ನು ಎತ್ತಿಕೊಳ್ಳುವವನಂತೆ ತಲೆಯ ಕಡೆ ತೋಳು ಕೊಟ್ಟು ಇಳಿಸಿಕೊಂಡ. ಮೇಲೆ ಬಂದು ಮಣ್ಣು ಎಳೆದ. ಜನ ಒಬ್ಬೊಬ್ಬರಾಗಿ ಕರಗಿದರು. ಅಮ್ಮ ಹೋಗಿ ಕಾರಿನಲ್ಲಿ ಕೂತಳು.

ಸ್ಮಶಾನದ ಗೇಟಿನ ಬಳಿಯ ನಲ್ಲಿಯಲ್ಲಿ ಅವನು ಕೈ ತೊಳೆಯುತ್ತಿದ್ದ. ಅಳು ಇನ್ನೂ ಮುಗಿದಿರಲಿಲ್ಲ. ನೀರೂ ಕಣ್ಣೀರೂ ಒಂದಾಗಿ ಗದ್ದದಿಂದ ತೊಟ್ಟಿಕ್ಕುತ್ತಿತ್ತು.

"ತಂಗಿ, ಒಂದು ಕೇಳ್ಲಾ? ತಪ್ಪು ತಿಳೀಬೇಡ."

"ಕೇಳಿ ಅಣ್ಣ."

"ಈ ರಜೆಗೆ ಸರ್ ಬಂದಾಗ ಮಗನ ಓಟ ತೋರಿಸಬೇಕು ಅಂತಿದ್ದೆ. ಬೈದ್ರೂ ಕದ್ದು ಮೈದಾನಕ್ಕೆ ಹೋಗ್ತಾನೆ ಕಳ್ಳ. ಸರ್ ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ, ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ಇನ್ನು ಯಾರನ್ನ ಕೇಳಲಿ?" ನಲ್ಲಿ ನಿಲ್ಲಿಸಿದ. "ಮನೇಲಿ ನನ್ನ ವಿಷಯ ಏನಾದ್ರೂ ಅಂದಿದ್ರಾ? ನನ್ನಲ್ಲಿ ಏನೋ ಒಂದು ಚೂರು ಇತ್ತು ಅಂತ, ಹಾಗೇನಾದ್ರೂ? ಅಷ್ಟು ಗೊತ್ತಾದ್ರೆ ಹುಡುಗನ್ನ ತಡೆಯಲ್ಲ."

ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದೇ ವಾಕ್ಯ. ಅದನ್ನು ಆಡಿಬಿಟ್ಟರೆ ಇವನು ಇವತ್ತು ಸಂಜೆ ಮಗನನ್ನು ತಾನೇ ಮೈದಾನಕ್ಕೆ ಕರೆದೊಯ್ಯುತ್ತಾನೆ. ಅದಕ್ಕೂ ಮೊದಲು ಈ ಮುಖ ಅಲ್ಲಿ, ಹಸಿ ಮಣ್ಣಿನ ಕಡೆಗೆ ತಿರುಗುತ್ತದೆ. ಹೇಗೆ ತಿರುಗುತ್ತದೆ ಎಂದು ಅವಳಿಗೆ ಕಂಡಿತು. ಅಪ್ಪನಿಗಾಗಿ ಒದ್ದೆಯಾದ ಮುಖ ಇದೊಂದೇ. ಅವಳದಂತೂ ಒಣಗಿತ್ತು.

"ಅಂತಿದ್ರು ಅಣ್ಣ" ಎಂದಳು. "ಬಂಗಾರದಂಥ ಹುಡುಗ ಅಂತಿದ್ರು." ನಲ್ಲಿಯನ್ನು ಇನ್ನಷ್ಟು ಬಿಗಿ ಮಾಡಿದಳು. "ಓಟ ಒಂದು ಇದ್ದಿದ್ರೆ, ಅಂತಿದ್ರು."

ಅವನು ತಲೆಯಾಡಿಸಿದ. ಬಹಳ ದಿನದ ನೋವಿಗೆ ಡಾಕ್ಟರು ಗೊತ್ತಿದ್ದ ಕಾಯಿಲೆಯ ಹೆಸರನ್ನೇ ಹೇಳಿದಾಗ ಜನ ತಲೆಯಾಡಿಸುವ ಹಾಗೆ.

"ಅದೇ ನೋಡು. ಅವತ್ತು ಹೇಳಿದ್ದೂ ಅದೇ. ಒಂದೇ ನಾಲಿಗೆಯ ಮನುಷ್ಯ ತಂಗಿ ನಿಮ್ಮಪ್ಪ." ಒದ್ದೆ ಕೈಯಿಂದ ಅವಳ ತಲೆ ಸವರಿದ. "ಹುಡುಗನಿಗೂ ಹೀಗೇ ನೇರ ಹೇಳ್ತೀನಿ. ಸುಳ್ಳು ಆಸೆ ಇಟ್ಟು ಬೆಳೆಸಬಾರದು."

ಗೇಟಿನಾಚೆ ಬಸ್ಸೊಂದು ಹಾರ್ನ್ ಹಾಕುತ್ತ ದಾಟಿಹೋಯಿತು. "ಅಯ್ಯೋ, ನನ್ನ ಬಸ್ಸು!" ಎಂದು ಸ್ಪಾನರಿನ ಚೀಲ ಎತ್ತಿಕೊಂಡು ಓಡಿದ.

ಅವಳು ಕಾರಿನ ಬಾಗಿಲು ತೆರೆದು ಅಮ್ಮನ ಪಕ್ಕ ಕೂತಳು.

"ಅಷ್ಟು ಹೊತ್ತು ಏನು ಕೇಳ್ತಿದ್ದ?" ಅಂದಳು ಅಮ್ಮ.

"ಬಸ್ಸು ಎಲ್ಲಿ ನಿಲ್ಲುತ್ತೆ ಅಂತ."

ಅಮ್ಮನಿಗೂ ಹೇಳುವುದು ಬೇಡ. ಯಾರಿಗೂ ಬೇಡ. ಹಾಗೆಂದು ತೀರ್ಮಾನಿಸಿ ಗಾಜು ಏರಿಸಿದಳು.

ಕಾರು ರಸ್ತೆಗೆ ತಿರುಗಿತು. ಬಸ್ಸು ರಸ್ತೆಯುಬ್ಬುಗಳ ಮೇಲೆ ಹತ್ತಿ ಇಳಿದು ತೆವಳುತ್ತಿತ್ತು. ಓಡಿ ಅದನ್ನು ಹಿಂದೆ ಹಾಕಿ, ಮುಂದಿನ ನಿಲ್ದಾಣದಲ್ಲಿ, ಹೆಗಲಿಗೆ ಕಬ್ಬಿಣ ತುಂಬಿದ ಚೀಲ ಹಾಕಿಕೊಂಡ ಒಬ್ಬ ಮನುಷ್ಯ ಆಗಲೇ ಕೈ ಅಡ್ಡ ಚಾಚಿ, ಬಸ್ಸು ಬರಲೆಂದು ಕಾಯುತ್ತ ನಿಂತಿದ್ದ.