ನಾಲ್ಕು ಗಂಟೆಯೊಳಗೆ ಮೂವತ್ತು

ಮನೆಯಲ್ಲೇ ಕೂತು ಮಾಡುವ ಕೆಲಸ ಕೆಲಸವೇ ಅಲ್ಲವೆಂದು ಯಾವ ಪುಣ್ಯಾತ್ಮ ಹೇಳಿಕೊಟ್ಟನೋ, ಸಿಂಧನೂರಿನ ಗುಲ್ಷನ್‌ಬೀ ಮಾತ್ರ ಅದನ್ನು ಗಟ್ಟಿಯಾಗಿ ನಂಬಿದ್ದಳು. ದೊಡ್ಡ ಮಗಳು ಅತೀಯಾಳ ಮದುವೆಗೆ ಬಂಧುಗಳನ್ನು ಊರೂರಿಗೆ ಹೋಗಿ ಕರೆಯಬೇಕು. ಮಗ ಜಾಹೀದನಿಗೆ ಕಚೇರಿ ಇದೆ, ಪಾಪ. ಚಿಕ್ಕ ಮಗಳು ಅರ್ಜುಮಂದ್ ಲ್ಯಾಪ್‌ಟಾಪಿನ ಮುಂದೆ ಸುಮ್ಮನೆ ಕೂತಿರುತ್ತಾಳಲ್ಲ, ಅವಳೇ ಬರಲಿ!

"ಅಮ್ಮಿ, ಇವತ್ತೊಂದಿನ ಬಿಡು. ಸಂಜಿ ನಾಲ್ಕು ಗಂಟಿ ಒಳಗ ಮೂವತ್ತು ರೆಕಾರ್ಡಿಂಗ್ ಕೊಡಬೇಕು. ಕೊಟ್ರ ಕಾಯಂ ಮಾಡ್ತಾರ, ಇಲ್ಲಂದ್ರ ತೆಗೀತಾರ."

"ಬಸ್ಸಿನ್ಯಾಗ ಮಾಡ್ಕೋ. ಎಲ್ಲೆರ ಕುಂತು ಮಾಡಬೌದು ಅಂತ ನೀನೇ ಹೇಳಿದ್ದಿಯಲ್ಲ?"

ಹೌದು, ಹೇಳಿದ್ದಳು. ಆ ನಾಲಿಗೆಗೆ ಬರೆ ಹಾಕಬೇಕು ಅನ್ನಿಸಿತು. ರೈತರು ಫೋನಿನಲ್ಲಿ ಹೇಳಿಕೊಂಡ ದೂರುಗಳನ್ನು ಕೇಳಿ ಟೈಪು ಮಾಡುವ ಕೆಲಸ ಅವಳದು. ಮಸ್ಕಿ ಬಸ್ಸಿನಲ್ಲಿ ಹೆಡ್‌ಫೋನ್ ಸಿಕ್ಕಿಸಿ ಕೂತರೆ, ಒಬ್ಬ ರೈತನ ಮಾತು ಮುಗಿಯುವುದರೊಳಗೆ ಡ್ರೈವರು ಹತ್ತು ಸಲ ಹಾರನ್ ಬಾರಿಸುತ್ತಿದ್ದ. ಸುಡುಗಾಡು ಬಸ್ಸು! ಮಸ್ಕಿ ಬರುವಷ್ಟರಲ್ಲಿ ಮುಗಿದದ್ದು ಆರೇ ಆರು.

ಮಸ್ಕಿಯಲ್ಲಿ ಐದು ಮನೆ. ಬಾಗಿಲಲ್ಲೇ ನಿಂತು ಕಾರ್ಡು ಕೊಟ್ಟರೆ ಅದು ಕರೆದಂತಲ್ಲ. ಕೂರಬೇಕು, ಚಹಾ ಕುಡಿಯಬೇಕು, ಮದುಮಗನ ಊರು, ಓದು, ಎತ್ತರ ಎಲ್ಲ ಒಪ್ಪಿಸಬೇಕು. ಇಲ್ಲದಿದ್ದರೆ "ಪೋಸ್ಟ್‌ಮನ್ ಬಂದಂಗ ಬಂದು ಹೋದ್ರು" ಎಂದು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಅರ್ಜುಮಂದ್ ಒಂದು ಕೈಯಲ್ಲಿ ಚಹಾದ ಬಸಿ ಹಿಡಿದು ಇನ್ನೊಂದು ಕೈಯಲ್ಲಿ ಟೈಪು ಮಾಡಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಲಿಂಗಸುಗೂರಿನಲ್ಲಿ ಗುಲ್ಷನ್‌ಬೀಯ ಸ್ವಂತ ಅಕ್ಕ ರಹೀಮಾಬೀಯ ಮನೆ ಮುಟ್ಟಿದಾಗ ಮೂರು ಗಂಟೆ. ಇಪ್ಪತ್ತಾರು ಮುಗಿದಿದ್ದವು.

"ಖಾಲಾ, ಒಂದ್ ತಾಸು ಒಳಗಿನ ಖೋಲಿ ಕೊಡ್ರಿ. ನಿಮಗ ಪುಣ್ಯ ಬರ್ತೈತಿ."

ಖಾಲಾ ಖೋಲಿ ಕೊಟ್ಟಳು, ಫ್ಯಾನೂ ಹಾಕಿದಳು. ಇನ್ನೆರಡು ಮುಗಿದವು. ಅಷ್ಟರಲ್ಲಿ ಅವಳೇ ಒಳಗೆ ಬಂದು, ಅಕ್ಕರೆಯಿಂದಲೇ ಲ್ಯಾಪ್‌ಟಾಪು ಮುಚ್ಚಿಬಿಟ್ಟಳು.

"ಉಣ್ಣಾಕ ದಸ್ತರ್‌ಖಾನ್ ಹಾಸೀನಿ, ಬಿರ್ಯಾನಿ ಆರಾಕತ್ತೈತಿ. ಉಣ್ಣೋ ಹೊತ್ತಿನ್ಯಾಗ ಇದೇನ್ ಆಟ ಬೇ?"

"ಇಪ್ಪತ್ತ ನಿಮಿಷ ಖಾಲಾ, ಇಪ್ಪತ್ತಾ!"

"ಕರಿಯಾಕ ಬಂದವರು ನಮ್ಮನಿ ಅನ್ನ ಬ್ಯಾಡಂದ್ರ, ನಾವ್ ನಿಮ್ಮನಿಗೆ ಹ್ಯಾಂಗ ಬರೋದು?"

ಬಾಗಿಲಲ್ಲಿ ನಿಂತಿದ್ದ ತಾಯಿ ಕಣ್ಣು ಕೆಕ್ಕರಿಸಿದಳು. ಅರ್ಜುಮಂದ್ ಎದ್ದು ಹೋಗಿ ಉಂಡಳು. ಬೇಡ ಬೇಡವೆಂದರೂ ಖಾಲಾ ಮತ್ತೆರಡು ಸಲ ಬಡಿಸಿದಳು.

ಕೊನೆಯದನ್ನು ಕಳಿಸಹೋದಾಗ ನಾಲ್ಕೂ ಹದಿನೈದು. ಕಳಿಸುವ ವೆಬ್ ಪುಟ ತೆರೆಯಲೇ ಇಲ್ಲ. ಕಂಪನಿಯ ಅಂಜಲಿ ಮೇಡಂ ಬರೆದಿದ್ದರು: "ನಾಲ್ಕರವರೆಗೆ ಕಾದೆವು ಅರ್ಜುಮಂದ್. ನಿಮ್ಮ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದೇವೆ."

ಅರ್ಜುಮಂದ್ ಬಿಕ್ಕಿ ಬಿಕ್ಕಿ ಅತ್ತಳು. ಖಾಲಾ ಓಡಿ ಬಂದು ಎದೆಗವಚಿಕೊಂಡಳು.

"ಅಳಬ್ಯಾಡ ನನ ಕೂಸಾ. ಅಕ್ಕ ಗಂಡನ ಮನಿಗೆ ಹೊಂಟಾಳಂದ್ರ ಕರುಳು ಚುರ್ ಅಂತೈತಿ." ಹೇಳುತ್ತ ಹೇಳುತ್ತ ತಾನೂ ಅಳತೊಡಗಿದಳು. ಗುಲ್ಷನ್‌ಬೀಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಕ್ಕಗಲ್ಲ ಖಾಲಾ!" ಅರ್ಜುಮಂದ್ ಕೊಸರಿಕೊಂಡು ಕಿರುಚಿದಳು. "ನನ್ ನೌಕರಿ ಹೋತು, ನೌಕರಿ!"

ಖಾಲಾ ಅಳು ನಿಲ್ಲಿಸಿ ಅವಳ ಮುಖ ನೋಡಿದಳು. "ನೌಕರಿ? ನೀ ಯಾವಾಗ ನೌಕರಿ ಹಿಡಿದಿದ್ದಿ?"

ಎರಡು ವರ್ಷವಾಗಿತ್ತು. ಇದೊಂದನ್ನಾದರೂ ತಾಯಿಯೇ ಹೇಳಲಿ ಎಂದು ಅರ್ಜುಮಂದ್ ಅವಳತ್ತ ನೋಡಿದಳು. ಗುಲ್ಷನ್‌ಬೀ ಚೀಲದಿಂದ ಉಳಿದ ಕಾರ್ಡುಗಳನ್ನು ತೆಗೆದು, ಇನ್ನೆಷ್ಟು ಮನೆಗಳಿವೆ ಎಂದು ಎಣಿಸತೊಡಗಿದಳು.